ಚೂರ್ಣಕ್ಕೆ ಚಿಗುರದ ಗ್ರಂಥಿ

ಮಧುಮೇಹದ ಔಷಧಿ ಮಾರುವವರ ಭಾಷೆ ಈಚೆಗೆ ಬದಲಾಗಿದೆ. ಹಿಂದೆ ಅವರು "ಸಕ್ಕರೆ ಇಳಿಸುತ್ತೇವೆ" ಎನ್ನುತ್ತಿದ್ದರು. ಇಳಿಯಿತೋ ಇಲ್ಲವೋ ಎಂಬುದನ್ನು ಮರುದಿನ ಬೆಳಿಗ್ಗೆಯ ರಕ್ತಪರೀಕ್ಷೆ ಹೇಳಿಬಿಡುತ್ತಿತ್ತು. ಈಗ ಅವರು ವಿಜ್ಞಾನದ ಮಾತಾಡಲು ಕಲಿತಿದ್ದಾರೆ. "ನಿಮ್ಮ ಮೇದೋಜೀರಕ ಗ್ರಂಥಿಯಲ್ಲಿ ಸತ್ತುಹೋಗಿರುವ ಬೀಟಾ ಕೋಶಗಳನ್ನು ಮತ್ತೆ ಚಿಗುರಿಸುತ್ತೇವೆ, ಆಮೇಲೆ ಮಾತ್ರೆಯೂ ಬೇಡ, ಇನ್ಸುಲಿನ್ನೂ ಬೇಡ" ಎನ್ನುತ್ತಾರೆ. ಹೊಟ್ಟೆಯೊಳಗೆ ಕೋಶ ಚಿಗುರಿತೋ ಇಲ್ಲವೋ ಎಂದು ಇಣುಕಿ ನೋಡುವವರು ಯಾರು? ಮೂರು ತಿಂಗಳ ಚೂರ್ಣ ಮುಗಿದರೂ ಗುಣ ಕಾಣದಿದ್ದರೆ ಇನ್ನೂ ಮೂರು ತಿಂಗಳು. ಅದಕ್ಕೂ ಬಗ್ಗದಿದ್ದರೆ ನಿಮ್ಮ ಪಥ್ಯ ಸರಿಯಿಲ್ಲ.

ಮನುಷ್ಯರ ಮಟ್ಟಿಗೆ ಈ ಮಾತು ಸುಳ್ಳು. ಹಣವಷ್ಟೇ ಹೋಗುವಂತಿದ್ದರೆ ನಾನು ಇಷ್ಟು ದೀರ್ಘವಾಗಿ ಬರೆಯಲು ಕೂರುತ್ತಿರಲಿಲ್ಲ. ಹಣ ಕಳೆದುಕೊಳ್ಳಲು ಈ ಮಹಾನಗರದಲ್ಲಿ ಬೇಕಾದಷ್ಟು ದಾರಿಗಳಿವೆ. ಆದರೆ ಇನ್ಸುಲಿನ್ನಿನ ಬಲದ ಮೇಲೆಯೇ ಬದುಕಿರುವ ಮಗುವೊಂದರ ತಂದೆತಾಯಿಯರು ಈ ಮಾತನ್ನು ನಂಬಿ ಸೂಜಿ ನಿಲ್ಲಿಸಿದರೆ, ಆ ಮಗು ಕೆಲವೇ ದಿನಗಳಲ್ಲಿ ಸಾಯಬಹುದು. ಆದ್ದರಿಂದ ಈ ಕೋಶಗಳು ಯಾವುವು, ಅವು ಏಕೆ ಸಾಯುತ್ತವೆ, ಮತ್ತೆ ಹುಟ್ಟುತ್ತವೆಯೇ ಎಂಬುದನ್ನು ನಮ್ಮ ಜನ ನಮ್ಮ ಭಾಷೆಯಲ್ಲಿಯೇ ತಿಳಿದಿರಬೇಕು.

ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ ಸುಮಾರು ನೂರು ಗ್ರಾಂ ತೂಗುತ್ತದೆ. ಅದರ ಬಹುಭಾಗಕ್ಕೆ ಜೀರ್ಣರಸ ತಯಾರಿಸುವ ಕೆಲಸ. 1869ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅಲ್ಲಲ್ಲಿ ಬೇರೆ ಬಗೆಯ ಕೋಶಗಳ ಗುಂಪುಗಳನ್ನು ಕಂಡ. ಅವು ಏನು ಮಾಡುತ್ತವೆಂದು ಅವನಿಗೆ ತಿಳಿಯಲಿಲ್ಲ. ಇಂದು ಅವನ ಹೆಸರಿನಿಂದಲೇ ಕರೆಯಲ್ಪಡುವ ಈ ಕಿರುದ್ವೀಪಗಳು ಒಬ್ಬ ಮನುಷ್ಯನಲ್ಲಿ ಸುಮಾರು ಹತ್ತು ಲಕ್ಷ ಇರುತ್ತವೆ. ಎಲ್ಲವನ್ನೂ ಒಟ್ಟುಗೂಡಿಸಿದರೂ ಒಂದೆರಡು ಗ್ರಾಂ ಮೀರದು. ಅವುಗಳೊಳಗಿನ ಬೀಟಾ ಕೋಶಗಳೇ ಇನ್ಸುಲಿನ್ ತಯಾರಿಸುವುದು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಒಂದು ನಾಯಿಯ ಈ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂದಿತು. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಮುಂಚೆ ಅಂಥ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಸಾವನ್ನು ಮುಂದೂಡುವುದಷ್ಟೇ ವೈದ್ಯರ ಕೈಲಾಗುತ್ತಿತ್ತು. ಇನ್ಸುಲಿನ್ "ಚಟ ಹಿಡಿಸುತ್ತದೆ" ಎನ್ನುವ ಮಹನೀಯರು ಆ ಕಾಲದ ಮಕ್ಕಳ ಛಾಯಾಚಿತ್ರಗಳನ್ನು ಒಮ್ಮೆ ನೋಡಬೇಕು. ಅನ್ನ ಚಟವಾದರೆ ಇನ್ಸುಲಿನ್ನೂ ಚಟ.

ಕೋಶಗಳ ನಾಶ ಎರಡು ಬಗೆಯಲ್ಲಿ ನಡೆಯುತ್ತದೆ. ಈ ವ್ಯತ್ಯಾಸವನ್ನು ಮಸುಕು ಮಾಡುವುದೇ ಚೂರ್ಣದವರ ಮೊದಲ ಕೈಚಳಕ. ಹೆಚ್ಚಾಗಿ ಮಕ್ಕಳಲ್ಲಿ, ತರುಣರಲ್ಲಿ ಕಾಣುವ ಮೊದಲನೆಯ ಬಗೆಯಲ್ಲಿ, ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಶತ್ರುಗಳೆಂದು ತಿಳಿದು ಹುಡುಕಿ ಹುಡುಕಿ ಕೊಲ್ಲುತ್ತದೆ. ಚಿಕ್ಕ ಮಕ್ಕಳಲ್ಲಿ ಬಾಯಾರಿಕೆ, ತೂಕ ಇಳಿಯುವಿಕೆ ಕಾಣಿಸುವ ಹೊತ್ತಿಗೆ ಬಹುಪಾಲು ಕೋಶಗಳು ಹೋಗಿರುತ್ತವೆ. ಕೊಲ್ಲುವ ಕೈ ಆಮೇಲೂ ಸುಮ್ಮನಿರುವುದಿಲ್ಲ. ಹೊಸ ಕೋಶ ಹುಟ್ಟಿದರೂ ಅದನ್ನೂ ಕೊಲ್ಲುತ್ತದೆ. ಚಿಗುರಿಸುತ್ತೇವೆ ಎನ್ನುವವರು ಈ ಕೈಯನ್ನು ಹೇಗೆ ತಡೆಯುತ್ತಾರೆಂದು ಎಂದೂ ಹೇಳುವುದಿಲ್ಲ.

ನಮ್ಮಲ್ಲಿ ಮನೆಮನೆಗೂ ಬಂದಿರುವುದು ಎರಡನೆಯ ಬಗೆ. ಚೆನ್ನೈನ ಸಂಶೋಧಕರ ನೇತೃತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದಾರೆ. ಅದರ ಹೊಸ್ತಿಲಲ್ಲಿರುವವರು 13 ಕೋಟಿಗೂ ಹೆಚ್ಚು. ಇವರಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಬೀಟಾ ಕೋಶಗಳು ವರ್ಷಗಟ್ಟಲೆ ಹೆಚ್ಚು ದುಡಿದು ಬಳಲುತ್ತವೆ, ಕೆಲವು ಸಾಯುತ್ತವೆ. ಅಮೆರಿಕೆಯಲ್ಲಿ ಪೀಟರ್ ಬಟ್ಲರ್ ಮತ್ತು ಸಂಗಡಿಗರು 124 ಶವಪರೀಕ್ಷೆಗಳ ಮೇದೋಜೀರಕಗಳನ್ನು ಅಳೆದು 2003ರಲ್ಲಿ ಬರೆದದ್ದು ಇದು: ಸ್ಥೂಲಕಾಯದ ಮಧುಮೇಹಿಗಳಲ್ಲಿ ಬೀಟಾ ಕೋಶಗಳ ಪ್ರಮಾಣ ಅಷ್ಟೇ ಸ್ಥೂಲರಾದ ಆರೋಗ್ಯವಂತರಿಗಿಂತ ಶೇಕಡ 63ರಷ್ಟು ಕಡಮೆ; ತೆಳ್ಳಗಿನ ಮಧುಮೇಹಿಗಳಲ್ಲಿ ಶೇಕಡ 41ರಷ್ಟು ಕಡಮೆ. ಹೊಸ ಕೋಶ ಹುಟ್ಟುವುದು ಕುಂದಿರಲಿಲ್ಲ, ಸಾಯುವುದು ಹೆಚ್ಚಿತ್ತು. ರೋಗ ಪತ್ತೆಯಾಗುವ ಹೊತ್ತಿಗೇ ಗ್ರಂಥಿಯ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆಂದು ಬ್ರಿಟನ್ನಿನ ಒಂದು ದೀರ್ಘ ಅಧ್ಯಯನವೂ ಅಂದಾಜು ಮಾಡಿತ್ತು.

ಇನ್ನು ಚಿಗುರುವ ಮಾತು. ಇದು ಎಲ್ಲಿಂದ ಬಂತು? ಗಾಳಿಯಿಂದ ಬಂದದ್ದಲ್ಲ, ಇಲಿಯಿಂದ ಬಂತು. ಹೊನ್ನೆ ಮರದ ತೊಗಟೆಯಲ್ಲಿರುವ ಎಪಿಕ್ಯಾಟೆಚಿನ್ ಎಂಬ ವಸ್ತು ಇಲಿಗಳಲ್ಲಿ ಬೀಟಾ ಕೋಶಗಳನ್ನು ಮತ್ತೆ ಹುಟ್ಟಿಸಿತೆಂದು 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ವರದಿ ಮಾಡಿದರು. ಅದೇ ವರ್ಷ ಮತ್ತು ಮರುವರ್ಷ ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ ಅದನ್ನು ಪರೀಕ್ಷಿಸಿದವರಿಗೆ ಅಂಥ ಫಲ ಸಿಗಲಿಲ್ಲ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ನಮ್ಮ ಬಂಧುಗಳಿಗೆ ಈ ಎರಡನೆಯ ಸುದ್ದಿಯನ್ನು ಯಾರೂ ತಲುಪಿಸಲಿಲ್ಲ. 1990ರಲ್ಲಿ ಮದರಾಸಿನ ಜೀವರಸಾಯನ ವಿಜ್ಞಾನಿಗಳು ಮಧುನಾಶಿನಿ ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟು, ಕಿರುದ್ವೀಪಗಳು ಮತ್ತೆ ಬೆಳೆದಿರಬಹುದು ಎಂದು ಬರೆದರು. "ಬೆಳೆದಿರಬಹುದು" ಎಂಬುದು ಅವರ ಮಾತು. ಶೀರ್ಷಿಕೆಯಲ್ಲೇ ಆ ಎಚ್ಚರಿಕೆ ಇದೆ. ಡಬ್ಬಿಯ ಮೇಲೆ ಬಂದಾಗ "ಬಹುದು" ಉದುರಿಹೋಯಿತು, ಇಲಿಯೂ ಉದುರಿಹೋಯಿತು.

ಆ ಇಲಿಗಳಿಗೆ ಮಧುಮೇಹ ಹೇಗೆ ಬಂದಿತ್ತು ಎಂಬುದನ್ನೂ ಕೇಳಬೇಕು. ಅಲಾಕ್ಸನ್, ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕಗಳನ್ನು ಚುಚ್ಚಿ ಅವುಗಳ ಬೀಟಾ ಕೋಶಗಳನ್ನು ಕೊಂದಿದ್ದರು. ವಿಷ ಒಮ್ಮೆ ಬಿತ್ತು, ಕೆಲಸ ಮುಗಿಸಿತು. ಅಳಿದುಳಿದ ಕೋಶಗಳು, ಅದರಲ್ಲೂ ಎಳೆಯ ಇಲಿಗಳಲ್ಲಿ, ತಾವಾಗಿಯೇ ಒಡೆದು ಎರಡಾಗಬಲ್ಲವು. ಮನುಷ್ಯನ ಸ್ಥಿತಿ ಬೇರೆ. ನಮ್ಮ ಬೀಟಾ ಕೋಶಗಳು ಶೈಶವದಲ್ಲಿ ಚುರುಕಾಗಿ ಹೆಚ್ಚುತ್ತವೆ, ಆಮೇಲೆ ಆ ಕೆಲಸ ನಿಲ್ಲುತ್ತ ಬರುತ್ತದೆ. ಇದನ್ನು ತಿಳಿದ ಒಂದು ದಾರಿ ಸ್ವಾರಸ್ಯವಾದದ್ದು. 1950ರ ಮತ್ತು 60ರ ದಶಕಗಳಲ್ಲಿ ಅಣುಬಾಂಬು ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತು. ಆಗ ಹುಟ್ಟಿದ ಜೀವಕೋಶಗಳಲ್ಲಿ ಅದರ ಗುರುತು ಉಳಿಯಿತು. ಆ ಗುರುತನ್ನು ಅಳೆದು, ಮನುಷ್ಯನ ಬೀಟಾ ಕೋಶಗಳು ಸುಮಾರು ಮೂವತ್ತು ವರ್ಷದೊಳಗೆ ಹುಟ್ಟಿ ಮುಗಿಯುತ್ತವೆ ಎಂದು 2010ರಲ್ಲಿ ತೋರಿಸಲಾಯಿತು. ಐವತ್ತು ದಾಟಿದ ನಮ್ಮ ಸದಸ್ಯರು ಹೊಟ್ಟೆಯಲ್ಲಿ ಹೊತ್ತಿರುವುದು ಯೌವನದಲ್ಲಿ ಸಂಪಾದಿಸಿದ ಗಂಟನ್ನೇ.

ಇಲ್ಲಿ ಒಬ್ಬ ನಿಜವಾದ ವಿಜ್ಞಾನಿಯ ನಡವಳಿಕೆಯನ್ನು ಹೇಳಬೇಕು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಗ್ಲಸ್ ಮೆಲ್ಟನ್ ತನ್ನ ಎಳೆಯ ಮಗನಿಗೆ 1991ರಲ್ಲಿ ಮೊದಲ ಬಗೆಯ ಮಧುಮೇಹ ಬಂದಾಗ ತನ್ನ ಹಳೆಯ ಸಂಶೋಧನೆಯನ್ನೆಲ್ಲ ಬಿಟ್ಟು ಬೀಟಾ ಕೋಶಗಳ ಹಿಂದೆ ಬಿದ್ದವನು. ಮುಂದೆ ಮಗಳಿಗೂ ಅದೇ ರೋಗ ಬಂದಿತು. ಅವನಿಗಿಂತ ಹೆಚ್ಚಿನ ಆಸೆ ಯಾವ ತಂದೆಗಿದ್ದೀತು? 2013ರಲ್ಲಿ ಅವನ ಪ್ರಯೋಗಾಲಯ ಬೀಟಾಟ್ರೋಫಿನ್ ಎಂಬ ಹಾರ್ಮೋನು ಇಲಿಗಳ ಬೀಟಾ ಕೋಶಗಳನ್ನು ಹಲವಾರು ಪಟ್ಟು ವೇಗದಲ್ಲಿ ಹೆಚ್ಚಿಸುತ್ತದೆಂದು ಪ್ರಕಟಿಸಿತು. ಜಗತ್ತೆಲ್ಲ ಹೊಗಳಿತು. ಇತರರು ಮಾಡಿ ನೋಡಿದರು, ಆಗಲಿಲ್ಲ. ಅವನ ಪ್ರಯೋಗಾಲಯವೇ ಮತ್ತೆ ಮಾಡಿ ನೋಡಿತು, ಆಗಲಿಲ್ಲ. 2016ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ನಮ್ಮ ಚೂರ್ಣದವರಲ್ಲಿ ಯಾರಾದರೂ ಒಂದು ಡಬ್ಬಿಯನ್ನಾದರೂ ಹಿಂತೆಗೆದುಕೊಂಡದ್ದನ್ನು ನೀವು ಕೇಳಿದ್ದೀರಾ?

ಹಾಗೆಂದು ಮನುಷ್ಯನ ಕೋಶ ಎಂದೆಂದಿಗೂ ಹೆಚ್ಚದು ಎಂದು ನಾನು ವಾದಿಸುತ್ತಿಲ್ಲ. ಸಸ್ಯಮೂಲದ ಹಾರ್ಮಿನ್ ಎಂಬ ವಸ್ತು ಪ್ರಯೋಗಾಲಯದ ತಟ್ಟೆಯಲ್ಲಿ ಮನುಷ್ಯರ ಬೀಟಾ ಕೋಶಗಳನ್ನು ಒಡೆದು ಹೆಚ್ಚುವಂತೆ ಮಾಡುತ್ತದೆಂದು ನ್ಯೂಯಾರ್ಕಿನ ಸಂಶೋಧಕರು 2015ರಲ್ಲಿ ಕಂಡರು. ಇಲಿಗಳೊಳಗೆ ನೆಟ್ಟ ಮನುಷ್ಯ ಕೋಶಗಳಲ್ಲೂ ಅದು ಫಲ ತೋರಿಸಿದೆ. ಆದರೆ ತಟ್ಟೆಯಿಂದ ಹೊಟ್ಟೆಗೆ ಬಹಳ ದೂರವಿದೆ. ಆ ದೂರವನ್ನು ಅವರು ಹೆಜ್ಜೆಹೆಜ್ಜೆಯಾಗಿ ನಡೆಯುತ್ತಿದ್ದಾರೆ. ಇವರು ಟಿಕೆಟ್ಟು ಮಾರಿ ಮುಗಿಸಿದ್ದಾರೆ.

"ನೀವು ಆಯುರ್ವೇದದ ವಿರೋಧಿ" ಎಂದು ಕೆಲವರು ಈಗಾಗಲೇ ಸಿಡಿಮಿಡಿಗೊಂಡಿರಬಹುದು. ಅವರಿಗೆ ಆಯುರ್ವೇದದಿಂದಲೇ ಉತ್ತರ ಹೇಳುತ್ತೇನೆ. ಸುಶ್ರುತ ಸಂಹಿತೆ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯವನು ಕೃಶ, ಎರಡನೆಯವನು ಸ್ಥೂಲ ಎನ್ನುತ್ತದೆ. ಎಂಥ ಸೂಕ್ಷ್ಮ ದೃಷ್ಟಿ! ಅದೇ ಪರಂಪರೆಯ ಚರಕ ಸಂಹಿತೆ ಮಧುಮೇಹವನ್ನು ವಾತಜ ಪ್ರಮೇಹಗಳಲ್ಲಿ ಸೇರಿಸಿ, ಅಸಾಧ್ಯವೆಂದು ಸಾರಿದೆ. ಚರಕನೇ ಗುಣವಾಗದೆಂದ ರೋಗವನ್ನು ಚರಕನ ಚಿತ್ರ ಅಂಟಿಸಿದ ಡಬ್ಬಿಯಿಂದ ಮೂರು ತಿಂಗಳಲ್ಲಿ ಕೀಳುತ್ತೇವೆನ್ನುವುದು ಆಯುರ್ವೇದಕ್ಕೆ ಮಾಡುವ ಅವಮಾನ. ಹೊನ್ನೆಯಿಂದ ಸೌಮ್ಯ ರೋಗಿಗಳಲ್ಲಿ ಸಕ್ಕರೆ ಇಳಿದದ್ದನ್ನು 1998ರಲ್ಲಿ ಐ.ಸಿ.ಎಂ.ಆರ್. ಅಧ್ಯಯನವೊಂದು ವರದಿ ಮಾಡಿದ್ದುಂಟು. ಅದು ಸಕ್ಕರೆಯ ಮಾತು, ಕೋಶದ ಮಾತಲ್ಲ. ಬಿಸಿ ನೀರು ಸುರಿದರೆ ಮಂಜುಗಡ್ಡೆ ಕರಗುತ್ತದೆ. ಹಾಗೆಂದು ಬೇಸಿಗೆ ಬಂತು ಎನ್ನುತ್ತೇವೆಯೇ?

ಈಗ ಅತ್ಯಂತ ಅಪಾಯದ ಸಂಗತಿಗೆ ಬರುತ್ತೇನೆ. ಮೊದಲ ಬಗೆಯ ಮಧುಮೇಹ ಬಂದ ಮಗುವಿಗೆ ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಏರಿದ ಸಕ್ಕರೆಯ ಹೊರೆ ಇಳಿದು, ಅಳಿದುಳಿದ ಬೀಟಾ ಕೋಶಗಳು ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಇನ್ಸುಲಿನ್ನಿನ ಪ್ರಮಾಣ ಇಳಿಸಬೇಕಾಗುತ್ತದೆ. ಕೆಲವು ಮಕ್ಕಳಿಗೆ ಕೆಲಕಾಲ ತೀರಾ ಅಲ್ಪ ಸಾಕಾಗುತ್ತದೆ. ವೈದ್ಯರು ಇದನ್ನು ಮಧುಚಂದ್ರದ ಅವಧಿ ಎನ್ನುತ್ತಾರೆ. ಕೆಲವು ತಿಂಗಳು, ಅಪರೂಪಕ್ಕೆ ಒಂದೆರಡು ವರ್ಷ ಇದ್ದು ಅದು ಮುಗಿದೇ ಮುಗಿಯುತ್ತದೆ. ದುಃಖದಲ್ಲಿ ಮುಳುಗಿದ ತಂದೆತಾಯಿಗಳು ಊರಿನಿಂದ ಚೂರ್ಣ ತರಿಸುವುದೂ ಸರಿಯಾಗಿ ಇದೇ ಸಮಯದಲ್ಲಿ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಬೆಳೆಯುತ್ತದೆ. "ನೋಡಿ, ಕೋಶ ಚಿಗುರುತ್ತಿದೆ, ಸೂಜಿ ನಿಲ್ಲಿಸಿ" ಎನ್ನುತ್ತಾನೆ ಮಾರುವವನು. ನಿಲ್ಲಿಸಿದ ಮೇಲೆ, ಇನ್ಸುಲಿನ್ ಸಾಲದೆ ಬಂದಾಗ, ದೇಹ ಕೊಬ್ಬನ್ನು ಸುಡುತ್ತದೆ, ರಕ್ತ ಆಮ್ಲವಾಗುತ್ತದೆ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಕೊನೆಗೆ ಪ್ರಜ್ಞೆ ತಪ್ಪುವುದು. ಅಷ್ಟು ಹೊತ್ತಿಗೆ ಮಾರಿದವನ ಫೋನು ಸ್ತಬ್ಧವಾಗಿರುತ್ತದೆ.

ಕೋಶ ಚಿಗುರಿದೆಯೇ ಎಂದು ಪರೀಕ್ಷಿಸಲು ಒಂದು ಸರಳ ದಾರಿಯಿದೆ. ಬೀಟಾ ಕೋಶ ಇನ್ಸುಲಿನ್ ತಯಾರಿಸುವಾಗ ಅದರ ಜೊತೆಗೆ ಅಷ್ಟೇ ಪ್ರಮಾಣದಲ್ಲಿ ಸಿ-ಪೆಪ್ಟೈಡ್ ಎಂಬ ತುಣುಕನ್ನೂ ರಕ್ತಕ್ಕೆ ಬಿಡುತ್ತದೆ. ಸೂಜಿಯ ಇನ್ಸುಲಿನ್ನಿನಲ್ಲಿ ಈ ತುಣುಕು ಇರುವುದಿಲ್ಲ. ಆದ್ದರಿಂದ ರಕ್ತದಲ್ಲಿ ಇದನ್ನು ಅಳೆದರೆ ಗ್ರಂಥಿ ಸ್ವಂತವಾಗಿ ಎಷ್ಟು ತಯಾರಿಸುತ್ತಿದೆ ಎಂಬುದು ತಿಳಿಯುತ್ತದೆ. ನಗರದ ಯಾವ ದೊಡ್ಡ ಪ್ರಯೋಗಾಲಯದಲ್ಲಾದರೂ ಇದು ಆಗುತ್ತದೆ. ಚಿಗುರಿಸುತ್ತೇವೆ ಎನ್ನುವವನನ್ನು ಕೇಳಿ: ಚೂರ್ಣಕ್ಕೆ ಮುಂಚೆ ಮತ್ತು ವರ್ಷದ ನಂತರ, ನೂರು ಮಂದಿಯ ಸಿ-ಪೆಪ್ಟೈಡ್ ಎಷ್ಟಿತ್ತು? ಚೂರ್ಣ ತಿನ್ನದ ನೂರು ಮಂದಿಯದು ಎಷ್ಟು? ಅವನು ಮಾತು ಬದಲಿಸುತ್ತಾನೆ.

ನಿಜವಾದ ಆಸೆಗಳು ಇಲ್ಲದಿಲ್ಲ. ಅವುಗಳನ್ನು ಸರಿಯಾದ ಬೆಲೆಗೆ ಕೊಳ್ಳಬೇಕು. ಕೆನಡಾದ ಎಡ್ಮಂಟನ್ನಿನಲ್ಲಿ ಮೃತ ದಾನಿಗಳ ಕಿರುದ್ವೀಪಗಳನ್ನು ಏಳು ಮಂದಿಯ ಯಕೃತ್ತಿಗೆ ಹರಿಸಿ, ಏಳೂ ಮಂದಿಯನ್ನು ಸೂಜಿಯಿಂದ ಬಿಡಿಸಿದ್ದು 2000ದಲ್ಲಿ ಪ್ರಕಟವಾಯಿತು. ಐದು ವರ್ಷಗಳ ನಂತರ ಅಲ್ಲಿಯ ರೋಗಿಗಳಲ್ಲಿ ಸೂಜಿಯಿಲ್ಲದೆ ಉಳಿದವರು ಸುಮಾರು ಶೇಕಡ ಹತ್ತು. ಕಾಂಡಕೋಶಗಳಿಂದ ಬೀಟಾ ಕೋಶ ತಯಾರಿಸುವ ವಿಧಾನವನ್ನು ಮೆಲ್ಟನ್ ತಂಡ 2014ರಲ್ಲಿ ಪ್ರಕಟಿಸಿತು; ಅಂಥ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ನಂತರ ಇನ್ಸುಲಿನ್ ಇಲ್ಲದೆ ಇದ್ದರೆಂದು 2025ರಲ್ಲಿ ವರದಿಯಾಯಿತು. ದೊಡ್ಡ ಸುದ್ದಿ. ಆದರೆ ಅವರೆಲ್ಲರೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಗಳನ್ನು ಬಿಡದೆ ತೆಗೆದುಕೊಳ್ಳಬೇಕು. ನಮ್ಮ ನಗರಗಳಲ್ಲಿ ಕಾಂಡಕೋಶದ ಹೆಸರಿನಲ್ಲಿ ಮಧುಮೇಹಕ್ಕೆ ಸೂಜಿ ಚುಚ್ಚಿ ಲಕ್ಷಗಟ್ಟಲೆ ಕೀಳುವ ಚಿಕಿತ್ಸಾಲಯಗಳಿಗೂ ಈ ಸಂಶೋಧನೆಗೂ ಸಂಬಂಧವಿಲ್ಲ. ಮಧುಮೇಹಕ್ಕೆ ಅಂಥ ಚಿಕಿತ್ಸೆಗೆ ನಮ್ಮಲ್ಲಿ ಅನುಮತಿ ಇಲ್ಲವೆಂದು ಐ.ಸಿ.ಎಂ.ಆರ್. 2017ರ ಮಾರ್ಗಸೂಚಿಯಿಂದ ಸ್ಪಷ್ಟವಾಗಿದೆ.

ಎರಡನೆಯ ಬಗೆಯವರಿಗೆ ಇನ್ನೂ ಹತ್ತಿರದ ಆಸೆಯಿದೆ. ಬಳಲಿದ ಬೀಟಾ ಕೋಶಗಳೆಲ್ಲ ಸತ್ತಿರುವುದಿಲ್ಲ. ಕೆಲವು ತಮ್ಮ ಕಸುಬು ಮರೆತು ಮಂಕಾಗಿ ಕುಳಿತಿರುತ್ತವೆ. ಬ್ರಿಟನ್ನಿನಲ್ಲಿ ರಾಯ್ ಟೇಲರ್, ಮೈಕ್ ಲೀನ್ ನಡೆಸಿದ ಡೈರೆಕ್ಟ್ ಅಧ್ಯಯನದಲ್ಲಿ, ರೋಗ ಬಂದು ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದ ಸ್ಥೂಲ ರೋಗಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಆಹಾರ ಮಾತ್ರ ಕೊಟ್ಟರು. ಒಂದು ವರ್ಷದ ನಂತರ ಶೇಕಡ 46 ಮಂದಿಯ ಸಕ್ಕರೆ ಔಷಧಿಯಿಲ್ಲದೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು; 15 ಕಿಲೋ ಅಥವಾ ಹೆಚ್ಚು ಇಳಿದವರಲ್ಲಿ ಶೇಕಡ 86. ಎರಡು ವರ್ಷಕ್ಕೆ ಶೇಕಡ 36. ಐದು ವರ್ಷದವರೆಗೆ ಅಧ್ಯಯನದಲ್ಲಿ ಉಳಿದವರಲ್ಲಿ ಶೇಕಡ 13 ಮಾತ್ರ. ತೂಕ ಮತ್ತೆ ಬಂದರೆ ರೋಗವೂ ಬರುತ್ತದೆ. ಮಂಕಾದ ಕೋಶ ಎಚ್ಚರಗೊಳ್ಳುವುದು ಬೇರೆ, ಸತ್ತದ್ದು ಹುಟ್ಟುವುದು ಬೇರೆ. ಇದಕ್ಕೆ ಡಬ್ಬಿ ಬೇಕಿಲ್ಲ, ವೈದ್ಯರ ನಿಗಾ ಬೇಕು. ಬಹುಶಃ ಅದಕ್ಕೇ ಇದನ್ನು ಮಾರಲು ಯಾರೂ ಬರುವುದಿಲ್ಲ.

ನಮ್ಮ ವಿದ್ಯಾವಂತ ಜನವೇ ಏಕೆ ಮೋಸ ಹೋಗುತ್ತಾರೆ? ಈ ಪ್ರಶ್ನೆಯನ್ನು ವೈದ್ಯರೂ ಕೇಳಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದರೆ ಸಿಗುವುದು ಐದು ನಿಮಿಷ. ಅದೂ ಹಿಂದಿಯಲ್ಲಿ, ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಊರಿನಿಂದ ಮಗನ ಮನೆಗೆ ಬಂದಿರುವ ತಾಯಿಗೆ ಬೀಟಾ ಕೋಶ ಎಂದರೇನೆಂದು ಯಾವ ತಜ್ಞರೂ ಹೇಳಿಲ್ಲ. ಚೂರ್ಣದವನಾದರೋ ಎದುರು ಕೂತು, "ಯಾವೂರು ತಾಯಿ ನಿಮ್ದು?" ಎಂದು ಶುರುಮಾಡುತ್ತಾನೆ. ಪರನಾಡಿನಲ್ಲಿ ಕನ್ನಡ ಕೇಳಿದೊಡನೆ ನಮ್ಮ ಎಚ್ಚರ ಸಡಿಲವಾಗುತ್ತದೆ. ಆ ನಂಬಿಕೆಯೇ ಅವನ ಬಂಡವಾಳ.

ಆ ಬಂಡವಾಳಕ್ಕೆ ನಮ್ಮ ಸಂಘವೂ ಬಡ್ಡಿ ಸೇರಿಸುತ್ತಿದೆ ಎಂದು ಹೇಳಲೇಬೇಕಾಗಿದೆ. ಕಳೆದ ರಾಜ್ಯೋತ್ಸವದಲ್ಲಿ ಪುಸ್ತಕದ ಮಳಿಗೆಯ ಪಕ್ಕದಲ್ಲೇ "ಮೇದೋಜೀರಕ ಪುನಶ್ಚೇತನ"ದ ಮಳಿಗೆ ಇತ್ತು. ಸ್ಮರಣ ಸಂಚಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತೂ ಇತ್ತು. ಖರ್ಚು ತೂಗಿಸಲು ಪದಾಧಿಕಾರಿಗಳು ಪಡುವ ಪಾಡು ನನಗೆ ಗೊತ್ತು. ಆದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ ಕೆಲವು ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರು ಮಾಡುವುದನ್ನೇ ನಿಷೇಧಿಸಿದೆ, ಮಧುಮೇಹ ಆ ಪಟ್ಟಿಯಲ್ಲಿದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ. ಮತ್ತೆ ಕಾಯಿದೆ ಹಿಡಿಯುವುದು ಮಾರುವವನನ್ನು ಮಾತ್ರವಲ್ಲ, ಆ ಜಾಹೀರಾತಿನ ಪ್ರಕಟಣೆಯಲ್ಲಿ ಭಾಗವಹಿಸಿದವರನ್ನೂ. 2024ರಲ್ಲಿ ಇಂಥ ಜಾಹೀರಾತುಗಳ ಮೊಕದ್ದಮೆಯಲ್ಲಿ ಪತಂಜಲಿಯಂಥ ದೊಡ್ಡ ಸಂಸ್ಥೆಯೇ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಬೇಕಾಯಿತು. ನಮ್ಮ ಸ್ಮರಣ ಸಂಚಿಕೆ ಅದಕ್ಕಿಂತ ದೊಡ್ಡದೇನೂ ಅಲ್ಲ.

ಕಾರ್ಯಕಾರಿ ಸಮಿತಿಗೆ ನಾನು ಲಿಖಿತವಾಗಿ ಕೇಳಿರುವುದು ಎರಡೇ. ಮಧುಮೇಹ ಗುಣಪಡಿಸುವ ಯಾವ ಮಳಿಗೆಗೂ ಜಾಹೀರಾತಿಗೂ ಇನ್ನು ಮುಂದೆ ಜಾಗ ಕೊಡಬಾರದು. ಅದೇ ಜಾಗದಲ್ಲಿ, ನಮ್ಮ ಸದಸ್ಯರಲ್ಲೇ ಇರುವ ಕನ್ನಡ ಬಲ್ಲ ವೈದ್ಯರು ತಿಂಗಳಿಗೊಂದು ಭಾನುವಾರ ಒಂದು ಮೇಜು ಹಾಕಿಕೊಂಡು ಕೂತು, ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ತಾಯಂದಿರ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳಬೇಕು. ಇಬ್ಬರು ವೈದ್ಯರು ಒಪ್ಪಿದ್ದಾರೆ. ಸ್ಮರಣ ಸಂಚಿಕೆಯ ಆ ಒಂದು ಪುಟದ ಹಣವನ್ನು ಸದಸ್ಯರೇ ಚಂದಾ ಎತ್ತಿ ತುಂಬಿಕೊಡುವುದಾದರೆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು ಬರೆದುಕೊಳ್ಳಬಹುದು.